ಹಸಿರು ಕಾರನ್ನು ತಳ್ಳುವವರು ಯಾರು?

ನಮ್ಮ ಇಂಡಿಯಾನಾದ ಕಾರ್ ರೇಸಿನವರಿಗೆ ಹಸಿರು ಬಣ್ಣ ಅಪಶಕುನ, ಕಂಡರಾಗದು. ಬೆಂಕಿಗೂ ಹೆದರದ ಗಂಡಸರು ಹಸಿರು ಶರ್ಟು ಕಂಡರೆ ದೂರ ಸರಿಯುತ್ತಾರೆ. ಕಾರಣ ಕೇಳಬೇಡಿ, ಯಾರಿಗೂ ಗೊತ್ತಿಲ್ಲ. ಇಂಥವರ ನಡುವೆ ಇದ್ದುಕೊಂಡು ವರ್ಲಾ ಸ್ಟೌಫರ್ ತನ್ನ ಹಳೆಯ ಮಿಡ್ಜೆಟ್ ಎಂಬ ಪುಟ್ಟ ರೇಸ್ ಕಾರಿಗೆ ಅಪ್ಪಟ ಗಿಳಿಹಸಿರು ಬಳಿದಳು.

ವರ್ಲಾ ನನ್ನ ಪಕ್ಕದ ಮನೆಯವಳು. ಊರಿನ ಅರ್ಧ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಸುತ್ತಿ ಬದುಕಿದವಳು. ಮದುವೆಯಾದ ಹೊಸದರಲ್ಲಿ ಗಂಡ ಆರಿನ್ ಇದೇ ಕಾರನ್ನು ನಮ್ಮೂರ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದ. ಕಾರು ಸಜ್ಜುಗೊಳಿಸುವ ಅಂಗಳಕ್ಕೆ ಆಗ ಹೆಂಗಸರನ್ನು ಬಿಡುತ್ತಿರಲಿಲ್ಲ, ಅವರೂ ಅಪಶಕುನವೇ. ವರ್ಲಾ ಬೇಲಿಯಾಚೆ ನಿಂತು ಧೂಳು ಕುಡಿದಳು. ಒಂದು ಸಲ ತಾನೂ ಓಡಿಸುತ್ತೇನೆ ಎಂದಿದ್ದಕ್ಕೆ ಗಂಡಸರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ.

ಆರಿನ್ ಕಾರು ಮಾರಿದ, ಎಷ್ಟೋ ವರ್ಷಗಳ ಮೇಲೆ ತೀರಿಯೂ ಹೋದ. ಆ ಕಾರು ಅವಳಿಗೆ ಮತ್ತೆ ಸಿಕ್ಕಿದ್ದು ಯಾರದೋ ಕೊಟ್ಟಿಗೆಯಲ್ಲಿ, ಎಂಜಿನ್ನಿನೊಳಗೆ ಇಲಿ ಸಂಸಾರದ ಸಮೇತ. ಆ ಇಳಿವಯಸ್ಸಿನಲ್ಲಿ ಬೆಸುಗೆ ಕಲಿತಳು. ಬಿಡಿಭಾಗಗಳಿಗಾಗಿ ಓಹಾಯೋದವರೆಗೆ ಅಲೆದಳು. ಸೀಟನ್ನು ತಾನೇ ಹೊಲಿದಳು. ಕಾರಿನ ಮೂತಿಯ ಬಣ್ಣ ಕೆರೆಯುತ್ತ ಹೋದಾಗ ಕೆಂಪಿನಡಿ ನೀಲಿ, ನೀಲಿಯಡಿ ಹಸಿರು ಕಾಣಿಸಿತು. ಹುಟ್ಟಿದಾಗಿನ ಬಣ್ಣ ಇದೇ ಎಂದು ಅದನ್ನೇ ಬಳಿದಳು. ಬೇಡವೆಂದು ನಾನು ಗೋಗರೆದೆ, ಕಿವಿಗೇ ಹಾಕಿಕೊಳ್ಳಲಿಲ್ಲ.

ನಮ್ಮೂರ ಟ್ರ್ಯಾಕಿನಲ್ಲಿ ವರ್ಷಕ್ಕೊಮ್ಮೆ ಹಳೆಯ ಕಾರುಗಳನ್ನು ಓಡಿಸುವ ದಿನ ತಾನೇ ಅದರಲ್ಲಿ ಸುತ್ತು ಹಾಕಬೇಕೆಂಬುದು ಅವಳ ಹಟ. ಆದರೆ ಮಿಡ್ಜೆಟ್ ತಾನಾಗಿ ಚಾಲೂ ಆಗುವುದಿಲ್ಲ, ಹಿಂದಿನಿಂದ ಟ್ರಕ್ಕು ತಳ್ಳಬೇಕು. ಆ ಟ್ರಕ್ಕು ಡ್ವೇನ್ ಪ್ರೂಯಿಟ್‌ನದು. ಅವನ ಅಣ್ಣ ಹಸಿರು ಕಾರಿನಲ್ಲಿ ಪಲ್ಟಿ ಹೊಡೆದು ಕಾಲು ಕಳೆದುಕೊಂಡಿದ್ದ. ಆ ದಿನ ಉಳಿದವರನ್ನೆಲ್ಲ ತಳ್ಳಿ ಮುಗಿಸಿದ ಡ್ವೇನ್, ವರ್ಲಾಳ ಹತ್ತಿರ ಬಂದವನೇ ಟ್ರಕ್ಕಿನ ಎಂಜಿನ್ ಆರಿಸಿ ಇಳಿದ.

“ಕೆಂಪು ಬಳ್ಕೊಂಡು ಬಾ. ಮುಂದಿನ ವರ್ಷ ತಳ್ತೀನಿ,” ಎಂದ.

“ಮುಂದಿನ ವರ್ಷ ನಾನಿರ್ಬೇಕಲ್ಲಪ್ಪ.”

“ಇದ್ರಲ್ಲಿ ಹೋದ್ರೆ ಈ ವರ್ಷಾನೇ ಇರಲ್ಲ.”

ವರ್ಲಾ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದು ಕೂತೇ ಇದ್ದಳು, ಕಣ್ಣು ತುಂಬಿತ್ತು. ಹಸಿರಿಗೆ ನಾನೂ ಹೆದರುವವನೇ, ಆದರೂ ನನಗೆ ಮೈಯೆಲ್ಲ ಉರಿಯಿತು.

ಆಗ ಡ್ವೇನ್‌ನ ಹೆಂಡತಿ ನೋರೀನ್ ತಿನ್ನುತ್ತಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟು, ಬೇಲಿಯ ಗೇಟು ತೆರೆದುಕೊಂಡು ಒಳಗೆ ಬಂದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು, ಎಲ್ಲರೂ ವರ್ಲಾಳ ಕೈಯಲ್ಲಿ ಕೂದಲು ಸುರುಳಿ ಮಾಡಿಸಿಕೊಂಡವರೇ. ಕಾರಿನ ಬೆನ್ನಿಗೆ ಕೈಯಿಟ್ಟು ತಳ್ಳಿದರು. ನಾನೂ ಕೈಜೋಡಿಸಿದೆ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಳ್ಳಿದೆವು, ಮತ್ತೆ ಕೆಮ್ಮಿತು. ಯಾರೋ ಮಂಡಿ ಹಿಡಿದು ಕುಕ್ಕರಿಸಿದರು.

ನೋರೀನ್ ಏದುಸಿರು ಬಿಡುತ್ತ ಗಂಡನತ್ತ ತಿರುಗಿದಳು. “ಹಂಗೇ ನೋಡ್ತಾ ನಿಂತಿರು. ಈ ಕಾರು ಹೋಗೋ ತನಕ ನಾನಂತೂ ಮನೆಗೆ ಬರಲ್ಲ.”

ಡ್ವೇನ್ ಹೆಂಗಸರೆಲ್ಲರನ್ನೂ ಒಟ್ಟಿಗೆ ಶಪಿಸುತ್ತ ಟ್ರಕ್ಕು ಹತ್ತಿದ. ಅದರ ಮೂತಿ ಕಾರಿನ ಬೆನ್ನಿಗೆ ತಾಗಿತು. ವರ್ಲಾ ಗೇರಿಗೆ ಹಾಕಿದಳು. ಮೂಲೆ ತಿರುಗುವ ಹೊತ್ತಿಗೆ ಎಂಜಿನ್ ಚಾಲೂ ಆಗಿ ಅಬ್ಬರಿಸಿತು ನೋಡಿ, ನನ್ನ ಎದೆಯೇ ನಡುಗಿತು! ಬಾಲ ಓರೆಯಾಗಿ, ಮಣ್ಣು ಚಿಮ್ಮಿಸುತ್ತ ಹೋದಳು. ಅವಳಿಗೆ ಕೊಟ್ಟಿದ್ದು ಎರಡೇ ಸುತ್ತು. ಬಾವುಟದವನು ನಿಲ್ಲಿಸೆಂದು ತೋಳು ಸೋಲುವಷ್ಟು ಬೀಸಿದ. ಅವಳು ತನಗೆ ಸಾಕೆನಿಸುವವರೆಗೂ ನಿಲ್ಲಲಿಲ್ಲ. ಬೇಲಿಯುದ್ದಕ್ಕೂ ಜನ ಎದ್ದು ನಿಂತು ಕೂಗುತ್ತಿದ್ದರು. ನಾನು ನಾಚಿಕೆಯಿಲ್ಲದೆ ಅತ್ತೆ.

ನಿಲ್ಲಿಸಿ ಇಳಿದಾಗ ಅವಳ ಮುಖವೆಲ್ಲ ಮಣ್ಣು, ಅದರ ನಡುವೆ ಹಲ್ಲು. ನೋರೀನ್ ಅವಳ ತಲೆಯಿಂದ ಹೆಲ್ಮೆಟ್ಟು ತೆಗೆದು ತಾನು ಹಾಕಿಕೊಂಡಳು.

“ಸರಿ, ಜರುಗು,” ಎಂದಳು. “ಈಗ ನಂದು.”

ಎಲ್ಲರೂ ಡ್ವೇನ್‌ನತ್ತ ನೋಡಿದರು. ಅವನು ಹಸಿರು ಕಾರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಆಮೇಲೆ ಹೋಗಿ ಟ್ರಕ್ಕು ಚಾಲೂ ಮಾಡಿದ.