ಲಗಮಪ್ಪನ ಮಿಶನ್ನು, ದುಂಡಪ್ಪನ ಬಾಗಿಲು

ಸಿರಸಂಗಿಯ ಲಗಮಪ್ಪ ಗರಗಸ ಹೆಗಲಿಗೇರಿಸಿ ಹೊರಟನೆಂದರೆ ಸವದತ್ತಿ ದಾರಿಯ ಬೇವಿನ ಮರಗಳು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದವು. ಕಣ್ಣಾರೆ ಕಂಡವರು ಯಾರೂ ಇಲ್ಲ. ಲಗಮಪ್ಪನೇ ಹೇಳಿದ ಮೇಲೆ ಸಾಕ್ಷಿ ಯಾಕೆ ಬೇಕು?

ಆಳುದ್ದದ ಆ ಗರಗಸ ಎಳೆಯಲು ಇಬ್ಬರು ಬೇಕು. ದಿಮ್ಮಿಯ ಮೇಲೆ ಲಗಮಪ್ಪ. ಕೆಳಗೆ ತೋಡಿದ ಕುಣಿಯಲ್ಲಿ ಅವನ ಹೆಂಡತಿ ಕಾಡವ್ವನ ತಮ್ಮ ದುಂಡಪ್ಪ. ಮೇಲಿನವನಿಗೆ ಗಾಳಿ, ಮಾತು, ಮರ್ಯಾದೆ. ಕೆಳಗಿನವನಿಗೆ ಕಣ್ಣು ಬಾಯಿ ತುಂಬ ಹೊಟ್ಟು. ದುಂಡಪ್ಪ ನುಂಗಿದ ಹೊಟ್ಟನ್ನೆಲ್ಲ ಒಟ್ಟಿದ್ದರೆ ಎಲ್ಲಮ್ಮನ ಗುಡ್ಡದ ಪಕ್ಕ ಇನ್ನೊಂದು ಗುಡ್ಡ ಎದ್ದಿರುತ್ತಿತ್ತು. ಆದರೆ ಕೆಮ್ಮಣ್ಣಲ್ಲಿ ಅದ್ದಿದ ದಾರ ಹೊಡೆದು ದಿಮ್ಮಿಯ ಮೇಲೆ ಮೂಡಿಸಿದ ಕೆಂಪು ಗೆರೆಯನ್ನು ಅವರ ಗರಗಸ ಕೂದಲಿನಷ್ಟೂ ದಾಟುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಏರುತ್ತಿತ್ತು. ಮುಳುಗುವ ಊರುಗಳಲ್ಲಿ ದುಂಡಪ್ಪನದೂ ಒಂದು. ನೀರು ಬರುವ ಮೊದಲೇ ಅವನು ಅಂಗಳದ ಬೇವಿನ ಮರ ಕಡಿದು, ದಿಮ್ಮಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊಸ ಊರಿನ ಜಾಗಕ್ಕೆ ತಂದ. ಅಜ್ಜ ನೆಟ್ಟ ಮರ. ಅವ್ವನ ಬಾಣಂತನವೆಲ್ಲ ಅದರ ಎಲೆ ತಪ್ಪಲು ಕುದಿಸಿದ ನೀರಿನಲ್ಲೇ ಮುಗಿದಿತ್ತು. ಹೊಸ ಮನೆಗೆ ಗೋಡೆಗಳು ಎದ್ದಿದ್ದವು, ಬಾಗಿಲಿರಲಿಲ್ಲ. ಗೋಣಿತಟ್ಟು ಇಳಿಬಿಟ್ಟಿದ್ದ.

"ಊರಂತೂ ನೀರಾಗ ಹೋತು ಮಾಮಾ. ಬಾಗಿಲಾದ್ರೂ ನಮ್ಮನಿ ಗಿಡದ್ದಽ ಆಗ್ಲಿ. ದಿಮ್ಮಿ ಒಣಗಲಿ, ಆಮ್ಯಾಲೆ ಇಬ್ರೂ ಕೊಯ್ಯೂಣು," ಎಂದಿದ್ದ.

ಅಷ್ಟರಲ್ಲಿ ಮುಳುಗಡೆ ಜಾಗದ ಮರ ಕಡಿಯಲು ಗುತ್ತೇದಾರನೊಬ್ಬ ಸರಪಳಿ ಗರಗಸದ ಮಿಶನ್ನು ತರಿಸಿದ. ಲಗಮಪ್ಪ ನೋಡಲು ಹೋದ. ಅವನು ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವುದರೊಳಗೆ ಹುಣಸೆ ಮರ ಅಡ್ಡ ಬಿದ್ದಿತ್ತು. ಅಂದಿನಿಂದ ಅವನ ಕಣ್ಣಿಗೆ ತನ್ನ ಗರಗಸ ಹೆಂಗಸರ ತಲೆಯ ಹಣಿಗೆಯಂತೆ ಕಾಣತೊಡಗಿತು.

ಕೆಲಸ ಮುಗಿದ ಮೇಲೆ ಗುತ್ತೇದಾರ ಎರಡು ಮಿಶನ್ನು ಮಾರಾಟಕ್ಕಿಟ್ಟ. ಒಂದು ಸಣ್ಣದು, ಇನ್ನೊಂದು ಕಟ್ಟಿದರೆ ಹಗ್ಗ ಹರಿಯುವಂಥ ಹೋರಿ.

"ಯಾತಕ್ಕ ಬೇಕ್ರಿ?" ಎಂದ ಅವನ ಮಿಸ್ತ್ರಿ. "ಉರುವಲಾ ಕಡ್ಯಾಕೋ, ಹಲಿಗಿ ಕೊಯ್ಯಾಕೋ?"

"ಎರಡಕ್ಕೂ."

"ಉರುವಲಿಗೆ ಸಣ್ಣದು ಒಯ್ರಿ, ಹಗರ ಐತಿ. ಹಲಿಗಿಗೆ ಬ್ಯಾರೆ ಸರಪಳಿ ಬೇಕು, ಅದರ ಹಲ್ಲಽ ಬ್ಯಾರೆ. ಮಿಶನ್ ಅತ್ತಿತ್ತ ಹೊಳ್ಳದಂಗ ಹಿಡಿಯೂ ಚೌಕಟ್ಟೂ ಬೇಕು. ಎರಡೂ ನನ್ನ ಹಂತ್ಯಾಕ ಇಲ್ಲ. ಹಲಿಗಿ ನಿಮ್ಮ ಗರಗಸದಾಗಽ ಕೊಯ್ರಿ."

"ನನಗ ಹಲ್ಲಿನ ಪಾಠ ಹೇಳ್ತೀ? ದೊಡ್ಡದು ಚಾಲೂ ಮಾಡೋ!"

ಅದರ ಗರ್ಜನೆಗೆ ರಾಮದುರ್ಗದ ತನಕ ಎಮ್ಮೆಗಳು ಬೆದರಿ, ಹಾಲು ಇಳಿಸದೆ ಏರಿಸಿಕೊಂಡವಂತೆ. ಕಣ್ಣಿನಿಂದ ಆರಿಸಬೇಕಾದ್ದನ್ನು ಲಗಮಪ್ಪ ಕಿವಿಯಿಂದ ಆರಿಸಿದ. ಹಾಲು ಕೊಡುವ ಎಮ್ಮೆ ಕೊಟ್ಟು ಹೊಗೆ ಬಿಡುವ ಹೋರಿಯನ್ನು ಮನೆಗೆ ತಂದ.

"ಇನ್ನ ಮ್ಯಾಲೆ ಹೊಗಿ ಕರಕೊಂಡು ಕುಡೀರಿ," ಎಂದಳು ಕಾಡವ್ವ.

ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಗರಗಸವನ್ನು ಕಮ್ಮಾರನಿಗೆ ಕೊಟ್ಟು ಕುಡುಗೋಲು ಹೊಡೆಸಿಬಿಟ್ಟ. ಅದರಲ್ಲೊಂದನ್ನು ದುಂಡಪ್ಪನ ಕೈಗೆ ಇಟ್ಟಾಗಲೇ ಅವನಿಗೆ ಸಂಗತಿ ಗೊತ್ತಾದದ್ದು.

"ಮತ್ತ ನಾ, ಮಾಮಾ?"

"ಹೊಟ್ಟು ತಿನ್ನೂದು ತಪ್ಪಿತಲ್ಲೋ ದುಂಡ್ಯಾ, ಹಬ್ಬಾ ಮಾಡು! ನಿನ್ನ ಬಾಗಿಲದಽ ಮೊದಲ ಹಲಿಗಿ ಕೊಯ್ತೇನಿ."

"ಬ್ಯಾಡ್ರಿ. ಬೈಲಹೊಂಗಲದ ಕಟಗಿ ಮಿಲ್ಲಿಗೆ ಒಯ್ದು ಕೊಯ್ಸಕೊಂಡು ಬರತೇನಿ."

"ಮಂದಿ ಮುಂದ ನನ್ನ ಮರ್ಯಾದಿ ಕಳೀತಿಯೇನು?"

ಅಕ್ಕನ ಗಂಡ. ದುಂಡಪ್ಪ ತಾನೇ ದಿಮ್ಮಿಗೆ ದಾರ ಹೊಡೆದು ಗೆರೆ ಹಾಕಿಕೊಟ್ಟ.

ಊರಿಗೆ ಊರೇ ಕೂಡಿತು. ಮಿಶನ್ನು ಗೇಣುದ್ದ ಕೆಂಪು ಗೆರೆಯ ಮೇಲೇ ನಡೆಯಿತು. ಆಮೇಲೆ ಅಡ್ಡ ಕಡಿಯಲು ಮಸೆದ ಹಲ್ಲು ಉದ್ದಕ್ಕೆ ಕಚ್ಚಲಾರದೆ, ಕಾಯ್ದು, ಹೊಗೆಯಾಡಿ, ಎಡಕ್ಕೆ ಎಳೆಯತೊಡಗಿತು. ದುಂಡಪ್ಪ ಎರಡೂ ಕೈ ಎತ್ತಿ ಏನೋ ಕೂಗಿದ. ಸದ್ದಿನಲ್ಲಿ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಗೆರೆ ತಪ್ಪಿದ್ದು ಲಗಮಪ್ಪನಿಗೂ ಕಂಡಿತ್ತು. ಇಷ್ಟು ವರ್ಷ ಹೀಗಾದಾಗಲೆಲ್ಲ ಕೆಳಗಿನಿಂದ ಒಂದು ಸಣ್ಣ ಜಗ್ಗು ಬಂದು ಗರಗಸವನ್ನು ದಾರಿಗೆ ತರುತ್ತಿತ್ತು. ಅದನ್ನು ಅವನು ತನ್ನದೇ ಕೈಗುಣ ಎಂದುಕೊಂಡಿದ್ದ. ಈಗ ಕೆಳಗೆ ಯಾರೂ ಇರಲಿಲ್ಲ. ನಿಲ್ಲಿಸಿದ್ದರೆ ಅರ್ಧ ದಿಮ್ಮಿಯಾದರೂ ಉಳಿಯುತ್ತಿತ್ತು. ನೋಡಲು ಇಷ್ಟು ಮಂದಿ ನಿಂತಿರುವಾಗ ನಿಲ್ಲಿಸುವುದು ಹೇಗೆ? ಒಂದು ಕೆಟ್ಟ ಹಲಗೆಯನ್ನು ಮುಚ್ಚಲು ಇನ್ನೊಂದು ಕೊಯ್ದ, ಅದನ್ನು ಮುಚ್ಚಲು ಮತ್ತೊಂದು.

ಹಲಗೆಗಳ ಒಂದು ತುದಿ ಗೌಡರು ಒರಗುವ ಲೋಡಿನಷ್ಟು ದಪ್ಪ, ಇನ್ನೊಂದು ಜೋಳದ ರೊಟ್ಟಿ. ಬಡಿಗ ಮಡಿವಾಳೆಪ್ಪ ಒಂದೊಂದನ್ನೂ ಹೊರಳಿಸಿ ನೋಡಿದ.

"ಇದರ ಬಾಗಿಲಾ ಮಾಡಿದ್ರ ಕಳ್ಳಗ ಕೀಲಿ ಮುರಿಯೂ ತ್ರಾಸಿಲ್ಲ. ಸಂದ್ಯಾಗಽ ಚಕ್ಕಡಿ ಹೊಡಕೊಂಡು ಬರ್ತಾನ."

ಮಂದಿ ನಕ್ಕರು. ದುಂಡಪ್ಪ ನಗಲಿಲ್ಲ. "ಏನೂ ಆಗೂದಿಲ್ಲೇನ್ರಿ ಬಡಿಗ್ಯಾರ?"

"ಕುಂದ್ರಾಕ ಒಂದು ಮಣಿ ಆದೀತು, ತಮ್ಮಾ. ಬಾಗಿಲಾ ಆಗೂದಿಲ್ಲ."

ದುಂಡಪ್ಪ ಬಹಳ ಹೊತ್ತು ಹಲಗೆಗಳ ಮೇಲೆ ಕೈಯಾಡಿಸಿದ. ಆಮೇಲೆ ಲಗಮಪ್ಪನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಲಗಮಪ್ಪನಿಗೂ ಬೈಯಲು ಬರುತ್ತಿತ್ತು.

"ಹಂಗಾದ್ರ ಒಲಿಗೆ ಹಿಡಿಯೂವಷ್ಟು ತುಂಡ ಮಾಡಿ ಕೊಡ್ರಿ ಮಾಮಾ. ಬಾಗಿಲಿಲ್ಲದ ಮನಿ, ಥಂಡಿ ಭಾಳ."

ಲಗಮಪ್ಪ ಮಿಶನ್ನಿನ ಹಗ್ಗ ಜಗ್ಗಿ ಮತ್ತೆ ಚಾಲೂ ಮಾಡಿದ. ಅಡ್ಡಕ್ಕೆ ಹಿಡಿದದ್ದೇ ತಡ, ಮಿಶನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹಾಯಿತು. ಒಂದರಂತೆ ಒಂದು ತುಂಡು, ಅಂಚು ನುಣುಪು. ಅಷ್ಟು ಚಂದದ ಉರುವಲನ್ನು ಆ ಸೀಮೆಯಲ್ಲಿ ಅಂದಿಗೂ ಇಂದಿಗೂ ಯಾರೂ ಕೊಯ್ದಿಲ್ಲ. ಇದರಲ್ಲಿ ಮಾತ್ರ ಉತ್ಪ್ರೇಕ್ಷೆ ಇಲ್ಲ.

ದುಂಡಪ್ಪ ಬಗ್ಗಿ ಒಂದೊಂದೇ ಆಯ್ದು, ಗೋಣಿತಟ್ಟು ಸರಿಸಿ ಒಳಗೆ ಒಯ್ದು ಒಟ್ಟಿದ. ಕೊನೆಯ ತುಂಡು ಒಯ್ದವನು ಹೊರಗೆ ಬರಲಿಲ್ಲ. ಚಹಾಕ್ಕೆ ಬರ್ರಿ ಎಂದೂ ಕರೆಯಲಿಲ್ಲ.