ಮೆಂತೆಯ ಬಾಯಿಗೆ ಹಾಕಿದ ಹಾಡು

ಜಲಜಾಕ್ಷಿ ಮೇಡಂ ಯಾರ ಕಾಲು ತುಳಿದರೂ ತಕ್ಷಣ ‘ಸಾರಿ’ ಅನ್ನುತ್ತಿರಲಿಲ್ಲ. ಮೊದಲು ನಿಂತು ಕೆಳಗೆ ನೋಡುತ್ತಿದ್ದರು. “ತುಳಿದ್ನಾ?” ಎಂದು ಕೇಳುತ್ತಿದ್ದರು. ಹೌದು ಅಂದರೆ, “ನೋವಾಯ್ತಾ?” ಅದಕ್ಕೂ ಹೌದು ಅಂದರೆ ಮಾತ್ರ ಎದುರಿನವರ ಮುಖ ನೋಡಿ, “ನನ್ನದೇ ತಪ್ಪು, ನೋಡದೆ ಕಾಲಿಟ್ಟೆ” ಎಂದು ಪೂರ್ತಿ ವಾಕ್ಯದಲ್ಲಿ ಹೇಳುತ್ತಿದ್ದರು. ಹಬ್ಬದ ಹಿಂದಿನ ದಿನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಈ ವಿಚಾರಣೆ ನಡೆದರೆ ಹಿಂದೆ ನಿಂತವರ ಗತಿಯೇನು? “ಪರ್ವಾಗಿಲ್ಲ ಬಿಡಿ ಅಜ್ಜಿ, ಮುಂದೆ ಹೋಗಿ” ಎಂದು ಹೂ ಮಾರುವಾಕೆ ಗೊಣಗಿದ್ದನ್ನು ನಾನೇ ಕೇಳಿದ್ದೇನೆ. “ನಿಂಗೆ ಪರ್ವಾಗಿಲ್ಲಮ್ಮ, ಕಾಲು ಇವರದ್ದು” ಅಂದಿದ್ದರು ಮೇಡಂ.

ಅವರು ನಮ್ಮ ಮೇಲಿನ ಮನೆಯವರು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ನಿವೃತ್ತರಾಗಿ ಮಗನ ಜೊತೆ ಇದ್ದರು. ಮತ್ತು ಮಕ್ಕಳ ಪುಸ್ತಕ ಓದಿ ಬೆಳೆದವರಿಗೆ ಹೇಳಬೇಕಾದ್ದಿಲ್ಲ, ‘ಮೆಂತೆ’ಯನ್ನು ಬರೆದವರು. ಹನ್ನೊಂದು ತೆಳ್ಳನೆಯ ಪುಸ್ತಕಗಳು. ನನ್ನಮ್ಮ ಓದಿದ ಪ್ರತಿಗಳನ್ನೇ ನಾನೂ ಓದಿದೆ. ಮೆಂತೆ ಒಂಬತ್ತು ವರ್ಷದ ಹುಡುಗಿ. ಎಣ್ಣೆ ಕಾಣದ ತಲೆ, ಹೆಸರಿಗೆ ತಕ್ಕ ಕಹಿ ನಾಲಿಗೆ. ಮೂರನೇ ಪುಸ್ತಕದಲ್ಲಿ ಶಾಲೆಯ ಗಂಟೆ ಕಳೆದುಹೋಗುತ್ತದೆ. ಕದ್ದವಳು ಮೆಂತೆಯೇ ಎಂದು ಹೆಡ್‌ಮಾಸ್ಟರಿಂದ ಹಿಡಿದು ಜವಾನನವರೆಗೆ ಎಲ್ಲರೂ ತೀರ್ಮಾನಿಸುತ್ತಾರೆ. ಕ್ಷಮೆ ಕೇಳು, ಬಿಟ್ಟುಬಿಡುತ್ತೇವೆ ಅನ್ನುತ್ತಾರೆ. ಕದ್ದವಳು ತಾನಲ್ಲವಾದ್ದರಿಂದ ಅವಳು ಕೇಳುವುದಿಲ್ಲ. ಊಟದ ಹೊತ್ತಿನವರೆಗೆ ಬಿಸಿಲಲ್ಲಿ ನಿಂತು, ಹಸಿವಾದಾಗ ಮನೆಗೆ ಹೋಗಿಬಿಡುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಗಂಟೆ ಯಾರು ಕದ್ದರು? ಪುಸ್ತಕ ಹೇಳುವುದಿಲ್ಲ.

ಚಿಕ್ಕವಳಿದ್ದಾಗ ನನಗೆ ಅದು ಅನ್ಯಾಯ ಅನ್ನಿಸಿತ್ತು. ಮೆಟ್ಟಿಲು ಹತ್ತಿ ಹೋಗಿ ಕೇಳಿದ್ದೆ. “ಗೊತ್ತಿಲ್ಲದೆ ಹೇಗೆ ಬರೀಲಿ? ನಾನೇನು ಅಲ್ಲಿದ್ನಾ?” ಅಂದಿದ್ದರು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗತೊಡಗಿದ ಮೇಲೆ ಅವರು ನನ್ನನ್ನು ಕರೆದದ್ದು ‘ಲಾಯರಮ್ಮ’ ಎಂದು. ಒಮ್ಮೆ ದೊಡ್ಡ ಪಾರಿತೋಷಕ ಗೆದ್ದು ತಂದು ತೋರಿಸಿದೆ.

“ಯಾವ ಕಡೆ ಮಾತಾಡ್ದೆ?”

“ಪರವಾಗಿ ಮೇಡಂ.”

“ನಿನಗೆ ಹಾಗೇ ಅನ್ಸುತ್ತಾ?”

“ಅನ್ಸೋ ಪ್ರಶ್ನೆ ಇಲ್ಲ. ಚೀಟಿ ಎತ್ತಿ ಕಡೆ ಕೊಡ್ತಾರೆ.”

ಅವರು ಪಾರಿತೋಷಕವನ್ನು ತಿರುಗಿಸಿ ತಳ ನೋಡಿ ವಾಪಸು ಕೊಟ್ಟರು. “ಚೆನ್ನಾಗಿದೆ. ಒಳಗೆ ಟೊಳ್ಳು.”

ಆಗ ಉರಿದುಹೋಗಿತ್ತು. ಈಗ ಉರಿಯುವುದು ಬೇರೆ ಕಾರಣಕ್ಕೆ.

ಎರಡು ವರ್ಷದ ಹಿಂದೆ ಪ್ರಮೋದ್ ಎಂಬ ನಿರ್ದೇಶಕರು ಮೆಂತೆಯನ್ನು ಸಂಗೀತ ನಾಟಕ ಮಾಡುತ್ತೇನೆಂದು ಬಂದರು. ಜಾಹೀರಾತು ಮಾಡುತ್ತಿದ್ದವರು, ಜೆ.ಪಿ. ನಗರದಲ್ಲಿ ಮಕ್ಕಳ ತಂಡ ಕಟ್ಟಿದ್ದರು. ಮಾತು, ಹಾಡು ಬರೆಯಲು ನನ್ನನ್ನು ಹಿಡಿದರು. ಮೇಡಂ ಅವರನ್ನು ಒಪ್ಪಿಸುವ ಕೆಲಸವೂ ನನ್ನದೇ ಎಂದು ಆಮೇಲೆ ಗೊತ್ತಾಯಿತು. ಮೇಡಂ ಇಟ್ಟ ಷರತ್ತು ಒಂದೇ. “ಏನಾದ್ರೂ ಬದಲಾಯಿಸಿ. ಕುಣಿಸಿ, ಹಾರಿಸಿ. ಗಂಟೆ ವಿಷಯದಲ್ಲಿ ಮೆಂತೆ ಕ್ಷಮೆ ಕೇಳಕೂಡದು.”

“ಅದನ್ನೆಲ್ಲಾ ಅಗ್ರಿಮೆಂಟಲ್ಲಿ ಬರೆಯೋಕಾಗಲ್ಲ ಮೇಡಂ. ನಮ್ ಮಾತಿದೆಯಲ್ಲ” ಅಂದರು ಪ್ರಮೋದ್.

“ನಿಮ್ಮ ಮಾತು ಬೇಡ. ಇವಳು ಹೇಳ್ಲಿ.”

“ನಾನು ಮಾತು ಕೊಡ್ತೀನಿ ಮೇಡಂ” ಅಂದೆ. ಅವರು ಸಹಿ ಹಾಕಿದರು.

ಕುಮಾರಸ್ವಾಮಿ ಲೇಔಟಿನ ಒಂದು ಹಾಲಿನಲ್ಲಿ ತಾಲೀಮು. ಮೇಡಂ ವಾರಕ್ಕೊಮ್ಮೆ ಆಟೋದಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಹನ್ನೊಂದು ಪುಸ್ತಕವನ್ನು ಒಂದೂವರೆ ಗಂಟೆಗೆ ಇಳಿಸುವುದು ಸುಲಭವಲ್ಲ. ನನಗೆ ಎಲ್ಲದಕ್ಕೂ ಒಂದು ಹಾಡು ಬೇಕಿತ್ತು. ಮೆಂತೆ ಹಲ್ಲುಜ್ಜಿದರೆ ಹಾಡು, ಬಸ್ಸು ತಪ್ಪಿದರೆ ಹಾಡು. “ಅವಳು ಬಸ್ ಹಿಂದೆ ಓಡ್ಬೇಕು ಕಣೇ. ಹಾಡ್ತಾ ನಿಂತ್ರೆ ಬಸ್ ಕಾಯುತ್ತಾ?” ಎಂದು ನಗುತ್ತಾ ನಾಲ್ಕು ಹಾಡು ತೆಗೆಸಿದರು. ಉಳಿದವು ಚೆನ್ನಾದವು. ಗಂಟೆಯ ದೃಶ್ಯ ಮಾತ್ರ ನಾನು ಯಾರನ್ನೂ ಕೇಳದೆ ಬರೆದೆ. ಊರಿಗೆ ಊರೇ ಮೆಂತೆಯ ಸುತ್ತ ಸುತ್ತುತ್ತ “ಕೇಳು, ಕ್ಷಮೆ ಕೇಳು” ಎಂದು ಹಾಡುತ್ತದೆ, ತಾಳ ಏರುತ್ತದೆ, ಥಟ್ಟನೆ ಎಲ್ಲ ನಿಲ್ಲುತ್ತದೆ. ಮೆಂತೆಯ ಸರದಿ. ಅವಳು ಬಾಯಿ ಬಿಡುವುದಿಲ್ಲ. ವಾದ್ಯವಿಲ್ಲ, ಮಾತಿಲ್ಲ. ಸುಮ್ಮನೆ ನಮ್ಮನ್ನು ನೋಡಿ ಹೊರಟುಹೋಗುತ್ತಾಳೆ. ಮೆಂತೆಯಾಗಿದ್ದ, ಹುಳಿಮಾವು ಬಡಾವಣೆಯ ಸಿಂಚನಾ, ಒಂಬತ್ತು ವರ್ಷ, ಹಾಗೆ ನಮ್ಮನ್ನು ನೋಡಿದಾಗ ಹಾಲಿನಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು.

ಮೇಡಂ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು. “ಇದು ನಾನು ಬರೆದದ್ದಲ್ಲ. ನೀನು ಬರ್ದಿದ್ದು” ಅಂದರು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಬಂದಿಲ್ಲ.

ಮೊದಲ ಪ್ರದರ್ಶನಕ್ಕೆ ಎಂಟು ದಿನವಿದ್ದಾಗ ಪೋಷಕರಿಗೆಂದು ಒಂದು ತಾಲೀಮು ತೋರಿಸಿದರು. ಒಬ್ಬ ತಾಯಿ ಎದ್ದು ನಿಂತರು. “ನಾಟ್ಕ ಎಲ್ಲಾ ಸೂಪರ್ ಸಾರ್. ಆದ್ರೆ ನನ್ ಮಗಳು ಮೊನ್ನೆ ‘ನಾನೇನ್ ತಪ್ ಮಾಡ್ದೆ ಅಂತ ಮೊದ್ಲು ಹೇಳು’ ಅಂದ್ಳು. ಹಿಂಗಾದ್ರೆ ಮಕ್ಳನ್ನ ಸಾಕೋದ್ ಹೆಂಗೆ?” ಎಲ್ಲರೂ ನಕ್ಕರು. ಪ್ರಮೋದ್ ಮಾತ್ರ ನಗಲಿಲ್ಲ. ಅವರಿಗೆ ಶಾಲೆಗಳ ಬುಕಿಂಗ್ ಬೇಕಿತ್ತು.

“ಗಂಟೆ ಸೀನಲ್ಲಿ ಆ ಗ್ಯಾಪಲ್ಲಿ ಒಂದ್ ಹಾಡ್ ಬೇಕು” ಅಂದರು ನನಗೆ. “ಮೆಂತೆ ಕ್ಷಮೆ ಕೇಳ್ತಾಳೆ, ಎಲ್ರೂ ಅಪ್ಪಿಕೋತಾರೆ.”

“ಗಂಟೆ ಕದ್ದವಳು ಅವಳಲ್ಲ.”

“ಅದು ಪಾಯಿಂಟೇ ಅಲ್ಲ ಗುರು. ಫೀಲಿಂಗು! ನೀನ್ ಬರೀದಿದ್ರೆ ಇನ್ನೊಬ್ರು ಬರೀತಾರೆ. ಕೆಟ್ದಾಗಿ ಬರೀತಾರೆ.”

ನಾನು ಒಂದು ಸಂಜೆ ಪೂರ್ತಿ ಸಿಟ್ಟು ಮಾಡಿಕೊಂಡೆ. ಆಮೇಲೆ, ತರಬೇತಿ ಪಡೆದವಳಲ್ಲವೇ, ಇನ್ನೊಂದು ಕಡೆಯಿಂದ ವಾದ ಹೂಡಿದೆ. ಹಾಡು ಕೆಟ್ಟರೆ ನಾಟಕ ಕೆಡುತ್ತದೆ. ನಾಟಕ ನಿಂತರೆ ಮೆಂತೆ ಯಾರಿಗೂ ತಲುಪುವುದಿಲ್ಲ. ಪುಸ್ತಕ ಪುಸ್ತಕವಾಗಿಯೇ ಇರುತ್ತದಲ್ಲ? ಮೂರೂ ಗಟ್ಟಿ ವಾದಗಳು. ಇವತ್ತು ಬೇಕಾದರೂ ಯಾವ ತೀರ್ಪುಗಾರರ ಮುಂದೆಯೂ ಗೆಲ್ಲಿಸಿಕೊಡುತ್ತೇನೆ. ಬೆಳಗಾಗುವಷ್ಟರಲ್ಲಿ ಎರಡು ಚರಣ ಬರೆದಿದ್ದೆ. ಪ್ರಮೋದ್ ಕೇಳಿ “ಸಖತ್!” ಅಂದರು. ಮೇಡಂಗೆ ನಾನು ಹೇಳಲಿಲ್ಲ.

ಪ್ರದರ್ಶನದ ದಿನ ಅವರು ಮೂರನೇ ಸಾಲಿನಲ್ಲಿ ಕೂತು ನೋಡಿದರು. ನಾಟಕ ಮುಗಿದ ಮೇಲೆ ವೇದಿಕೆಗೆ ಕರೆದು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. “ಎರಡು ಮಾತು” ಎಂದು ಮೈಕು ಕೊಟ್ಟರು. ಮೇಡಂ ಸಭೆಯ ಕಡೆ ತಿರುಗಲೇ ಇಲ್ಲ. ಪಕ್ಕದಲ್ಲಿದ್ದ ಸಿಂಚನಾಳನ್ನು ಕೇಳಿದರು.

“ಗಂಟೆ ನೀನು ಕದ್ಯಾ ಪುಟ್ಟಿ?”

“ಇಲ್ಲ ಅಜ್ಜಿ.”

“ಮತ್ತೆ ಯಾಕೆ ಕ್ಷಮೆ ಕೇಳ್ದೆ?”

ಹುಡುಗಿ ಪಕ್ಕದ ಪರದೆಯ ಹಿಂದೆ ನಿಂತಿದ್ದ ಪ್ರಮೋದ್ ಕಡೆ ನೋಡಿದಳು. “ಅಂಕಲ್ ಹೇಳಿದ್ರು.”

ಸಭೆಯಲ್ಲಿ ನಗು. ನಿರೂಪಕಿ ನಯವಾಗಿ ಮೈಕು ತೆಗೆದುಕೊಂಡು ಸಮಯದ ಅಭಾವದ ಬಗ್ಗೆ ಹೇಳಿದಳು. ಸಮಯ ಬೇಕಾದಷ್ಟಿತ್ತು, ಆಮೇಲೆ ಪ್ರಾಯೋಜಕರು ಇಪ್ಪತ್ತು ನಿಮಿಷ ಮಾತಾಡಿದರು.

ಮರುದಿನ ಮೇಲೆ ಹೋದೆ. ಮೇಡಂ ನೆನೆಹಾಕಿದ ಅವರೆಕಾಳು ಹಿದುಕುತ್ತ ಕೂತಿದ್ದರು.

“ಆ ಹಾಡು ಬರೆದದ್ದು ನಾನೇ” ಅಂದೆ.

“ಗೊತ್ತಾಯ್ತು. ಪ್ರಾಸ ಚೆನ್ನಾಗಿತ್ತು.”

“ತಪ್ಪಾಯ್ತು ಮೇಡಂ.”

“ಏನು ತಪ್ಪಾಯ್ತು?”

“ಮಾತು ಕೊಟ್ಟು ಮುರಿದೆ. ನಿಮಗೆ ಹೇಳದೆ ಮುಚ್ಚಿಟ್ಟೆ.”

“ಅವೆರಡೂ ನನಗೆ ಮಾಡಿದ್ದು, ಆಯ್ತು, ಬಿಡು. ನನ್ನ ಮೆಂತೆಗೇನೂ ಆಗಿಲ್ಲ, ಪುಸ್ತಕದಲ್ಲಿ ಹಾಗೇ ನಿಂತಿದ್ದಾಳೆ.” ಒಂದು ಕಾಳು ಬೆರಳಿಂದ ಜಾರಿ ನೆಲಕ್ಕೆ ಬಿತ್ತು. “ಆ ಹುಳಿಮಾವಿನ ಮಗು ವಾರ ವಾರ ಅದನ್ನ ಹಾಡ್ಬೇಕಲ್ಲೇ. ಮಾಡದ ತಪ್ಪಿಗೆ ಕೈ ಮುಗಿಯೋದು ಅಭ್ಯಾಸ ಆಗೋಗುತ್ತೆ. ಹೋಗು, ಅದನ್ನ ತೆಗೆಸು. ತೆಗೆಸಿ ಬಾ.”

ತೆಗೆಸಿ ಬಾ. ಅದೇ ಅವರು ನನಗೆ ಹೇಳಿದ ಕೊನೆಯ ಮಾತು. ಪ್ರಮೋದ್ ಜೊತೆ ನಾಲ್ಕು ಸಲ ಜಗಳವಾಡಿದೆ. ನನ್ನ ಹೆಸರು ತೆಗೆಯಿರಿ ಅಂದೆ, ಸಂತೋಷವಾಗಿ ತೆಗೆದರು. ಹಾಡು ತೆಗೆಯಿರಿ ಅಂದೆ. ಹಾಡಿನ ಹಕ್ಕು ತಂಡದ್ದು ಎಂದು ನನ್ನದೇ ಸಹಿ ತೋರಿಸಿದರು. ಬರಿಗೈಯಲ್ಲಿ ಮೇಲೆ ಹೋಗಲು ಮುಖವಿರಲಿಲ್ಲ. ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಬಾಗಿಲ ಹಿಂದೆ ನಿಂತುಬಿಡುತ್ತಿದ್ದೆ. ಹೀಗೆ ಐದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ನುಡಿನಮನವನ್ನು ಅದೇ ತಂಡ ಇಟ್ಟುಕೊಂಡಿತು. ಮೇಡಂ ಅವರ ಮಗ, “ಅಮ್ಮನ ಹೆಸರು ಉಳೀಲಿ ಅಂತ ಒಪ್ಪಿದೆ, ನೀನೂ ಎರಡು ಮಾತಾಡಮ್ಮ” ಅಂದರು. ಹೋದೆ. ಮೈಕಿನ ಮುಂದೆ ನಿಂತು ಹೇಳಿದೆ: ಆ ಹಾಡು ಬರೆದವಳು ನಾನು. ಅದು ಸುಳ್ಳು ಹಾಡು. ಮೇಡಂ ಅದನ್ನು ತೆಗೆಯಲು ಹೇಳಿದ್ದರು, ಇವರು ತೆಗೆಯಲಿಲ್ಲ. ನಾನು ತಪ್ಪು ಮಾಡಿದ್ದೇನೆ.

ಜನ ಚಪ್ಪಾಳೆ ತಟ್ಟಿದರು! ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಪ್ರಮೋದ್ ಮೈಕಿಗೆ ಬಂದು, “ಎಂಥಾ ವಿನಯ! ಇದೇ ಅಲ್ವಾ ಮೇಡಂ ನಮಗೆ ಕಲಿಸಿದ್ದು” ಅಂದರು. ಕೈಸನ್ನೆ ಮಾಡಿದರು. ಸ್ಪೀಕರಿನಿಂದ ಸಂಗೀತ ಶುರುವಾಯಿತು. ಸಿಂಚನಾ ಎದ್ದು ಬಂದಳು. ಹಾರ ಹಾಕಿದ ಫೋಟೋದ ಮುಂದೆ ಕೈ ಮುಗಿದು ನಿಂತು, ತಾನು ಮಾಡದ ತಪ್ಪಿಗೆ, ನಾನು ಬರೆದ ಮಾತುಗಳಲ್ಲಿ, ಎರಡೂ ಚರಣ ಪೂರ್ತಿ ಹಾಡಿ ಕ್ಷಮೆ ಕೇಳಿದಳು.