ಹನ್ನೆರಡನೆಯ ಮದ್ದಳೆ

ಹೆಡ್‌ಮಾಸ್ಟರನ್ನು ಕಂಡರೆ ಈರಲಿಂಗಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಕಲ್ಯಾಣದುರ್ಗದ ಸರ್ಕಾರಿ ಸಂಗೀತ-ನೃತ್ಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ದಿನಗೂಲಿಯ ಮೇಲೆ ಮದ್ದಳೆಗಳಿಗೆ ಚರ್ಮ ಹೊದಿಸಿ, ಬಾರು ಎಳೆದು, ಶ್ರುತಿ ಕೂಡಿಸಿದವನು ಅವನು. ಈಗ ಸ್ಕೂಲೇ ಹಿಂದೂಪುರಕ್ಕೆ ಎತ್ತಂಗಡಿ. ಸಾಗಿಸುವ ಪಟ್ಟಿಯಲ್ಲಿ ಬೆಂಚು, ಬೀರು, ಒಡಕು ಬಕೀಟು ಕೂಡ ಇದ್ದವು. ಅವನ ಹೆಸರಿರಲಿಲ್ಲ.

“ಅಲ್ಲೇ ಯಾರಾದ್ರೂ ಸಿಗ್ತಾರೆ ಕಣಪ್ಪ,” ಎಂದ ಹೆಡ್‌ಮಾಸ್ಟರ್ ಲಕ್ಷ್ಮೀಕಾಂತ್, ಮೊಬೈಲಿನಿಂದ ಕಣ್ಣೆತ್ತದೆ. “ನಾಳೆ ಸಾಯಂಕಾಲವೇ ಓಪನಿಂಗು. ಹನ್ನೆರಡೂ ಮದ್ದಳೆ ಬಿಗಿದು ರೆಡಿ ಮಾಡಿ ಲಾರಿಗೆ ಹಾಕು. ಅರ್ಥಮೈಂದಾ?”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಮದ್ದಳೆ ಊರು ಬಿಡುವ ಮುಂಚೆ ಬಾರು ಸಡಿಲಿಸಬೇಕು. ಬಿಗಿದದ್ದನ್ನು ಬಿಸಿಲಲ್ಲಿ ಸಾಗಿಸಿದರೆ ಚರ್ಮ ಬಿರಿಯುತ್ತದೆ. ಬೇರೆ ದಿನವಾಗಿದ್ದರೆ ಈರಲಿಂಗಪ್ಪ ಜಗಳಕ್ಕೇ ನಿಲ್ಲುತ್ತಿದ್ದ. ಅಂದು ಹಲ್ಲು ಕಚ್ಚಿಕೊಂಡು, “ಆಗ್ಲಿ ಸಾರ್, ನೀವು ಹೇಳ್ದಂಗೇ ಬಿಗೀತೀನಿ,” ಎಂದ. ಒಡೆಯಲಿ, ಆಗ ಕೆಲಸ ಕೊಡುತ್ತೇನೆಂದು ತಾನಾಗಿ ಬರುತ್ತಾನೆ ನನ್ನ ಹತ್ತಿರ.

ಹನ್ನೊಂದನ್ನು ಕೈ ನೋಯುವಷ್ಟು ಬಿಗಿದ. ಹನ್ನೆರಡನೆಯದು ಮೊಮ್ಮಗಳು ಮೇಘನಾ ಬಾರಿಸುವುದು. ಅದೇ ಸ್ಕೂಲಿನ ಹತ್ತನೇ ಕ್ಲಾಸಿನ ಹುಡುಗಿ. ಓಪನಿಂಗಿನಲ್ಲಿ ಮೇಳಕ್ಕೆ ಮೊದಲು ಒಬ್ಬಳೇ ಬಾರಿಸಬೇಕೆಂದು ತಿಂಗಳಿಂದ ಕೈ ಪಳಗಿಸಿದ್ದಳು. ಅದನ್ನು ಬಿಗಿಯಲು ಮಾತ್ರ ಕೈ ಬರಲಿಲ್ಲ. ಬಾರು ಸಡಿಲಿಸಿ ಲಾರಿಗೆ ಹಾಕಿದ.

ಮಾರನೆಯ ದಿನ ಲಾರಿ ಹಿಂದೂಪುರದ ಹೊಸ ಕಟ್ಟಡದ ಮುಂದೆ ಮಧ್ಯಾಹ್ನವೆಲ್ಲ ಒಣಗಿತು. ಈರಲಿಂಗಪ್ಪ ಬಸ್ಸು ಹತ್ತಿ ಬಂದು, ಉಳಿ-ಸುತ್ತಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಮದುವೆಗೆ ಬಂದ ಬೀಗನ ಹಾಗೆ ಕೂತ. ನಾಲ್ಕು ಗಂಟೆಗೆ ಲಕ್ಷ್ಮೀಕಾಂತ್ ಬೆವರುತ್ತ ಓಡಿ ಬಂದ.

“ಎಲ್ಲಾ ಬಿರಿದೋಗವೆ ಈರಲಿಂಗಪ್ಪ! ಏನಾದ್ರೂ ಮಾಡಯ್ಯ!”

“ನನ್ ಹೆಸ್ರು ಲಿಸ್ಟ್‌ನಾಗಿಲ್ವಲ್ಲ ಸಾರ್.”

ಆಹಾ, ಆ ಮಾತನ್ನು ಆಡುವಾಗ ಎಂಥ ತಂಪು! ಇನ್ನೂ ಎರಡು ಮಾತು ಕೂಡಿಸಿಟ್ಟಿದ್ದ. ಅಷ್ಟರಲ್ಲಿ ಮೇಘನಾ ಮದ್ದಳೆ ಹೊತ್ತು ಓಡಿ ಬಂದಳು.

“ತಾತಾ, ನಂದು ಒಡ್ದಿಲ್ಲ! ನೀನು ಬಾರು ಸಡ್ಲ ಬಿಟ್ಟಿದ್ಯಲ್ಲ, ಈಗ್ತಾನೆ ಬಿಗ್ದೆ...”

ಅವಳು ಹಿಂದೆ ತಿರುಗಿ ನೋಡಿದಳು. ಹನ್ನೊಂದು ಮಕ್ಕಳು ಬಿರಿದ ಮದ್ದಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವು. ಒಂದು ಹುಡುಗಿ ಅಳುತ್ತಿತ್ತು. ಲಕ್ಷ್ಮೀಕಾಂತ್ ತಾತನನ್ನೂ ಮೊಮ್ಮಗಳನ್ನೂ ನೋಡಿದ. ಅವನಿಗೂ ಗೊತ್ತಾಯಿತು.

“ಊರು ಬಿಡೋವಾಗ ಸಡ್ಲಿಸ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದೆ ತಾತ,” ಎಂದಳು ಮೇಘನಾ. ಮದ್ದಳೆಯನ್ನು ಅವನ ತೊಡೆಯ ಮೇಲಿಟ್ಟು, ಹೋಗಿ ಆ ಹನ್ನೊಂದು ಜನರ ಜೊತೆ ಕೂತಳು.

ಮೈಕಿನಲ್ಲಿ ಅವಳ ಹೆಸರನ್ನು ಎರಡು ಸಲ ಕೂಗಿದರು. ಅವಳು ಏಳಲಿಲ್ಲ.